ಓಟದ ದಾರಿಯಡಿ ಹರಿಯುವ ನೀರು

ಬೆಳಗಿನ ಜಾವ ಐದಕ್ಕೆ ಹತ್ತು ನಿಮಿಷ. ಯಲಹಂಕದಾಚೆಯ ಬಿಳಿಗೆರೆಪಾಳ್ಯದ ನಡುಬೀದಿಯಲ್ಲಿ ಚಿಕ್ಕಹನುಮಯ್ಯ ಕಬ್ಬಿಣದ ಮುಚ್ಚಳವೊಂದನ್ನು ಎತ್ತಿ ಪಕ್ಕಕ್ಕಿಡುತ್ತಾರೆ. ಎದೆಯೆತ್ತರದ ಕೀಲಿಯನ್ನು ಗುಂಡಿಯೊಳಕ್ಕಿಳಿಸಿ ಎರಡೂ ಕೈಯಲ್ಲಿ ತಿರುಗಿಸುತ್ತಾರೆ. ಹದಿನಾಲ್ಕು ಸುತ್ತು. ಆಮೇಲೆ ಬಗ್ಗಿ ಕೀಲಿಯ ತುದಿಗೆ ಕಿವಿಯಿಡುತ್ತಾರೆ. ಪೈಪಿನೊಳಗೆ ನೀರು ಹೊರಟ ಸದ್ದು ಕೇಳಿದರೆ ಮಾತ್ರ ಮುಂದಿನ ಬೀದಿಗೆ ನಡೆಯುವುದು.

"ಕಣ್ಣಿಗೆ ಕಾಣಾಕಿಲ್ಲ, ಕಿವಿಗಾದ್ರೂ ಕೇಳ್ಬೇಕಲ್ಲ" ಎನ್ನುತ್ತಾರೆ.

ಐವತ್ತೊಂಬತ್ತರ ಚಿಕ್ಕಹನುಮಯ್ಯ ಇಪ್ಪತ್ಮೂರು ವರ್ಷದಿಂದ ಇಲ್ಲಿನ ಪಂಚಾಯಿತಿಯ ನೀರುಗಂಟಿ. ಅಪ್ಪನ ರಾಗಿ ಹೊಲ ಲೇಔಟ್ ಆದಾಗ ಅಣ್ಣಂದಿರು ಕಟ್ಟಡ ಕಟ್ಟಿದರು, ಇವರು ವಾಲ್ವ್ ಕೀಲಿ ಹಿಡಿದರು. ದಿನಕ್ಕೆ ಮೂವತ್ತೆಂಟು ವಾಲ್ವ್, ಹೆಚ್ಚುಕಮ್ಮಿ ಒಂಬತ್ತು ಕಿಲೋಮೀಟರ್ ನಡಿಗೆ. ಆರುನೂರು ಚಿಲ್ಲರೆ ಮನೆಗಳಿಗೆ ದಿನ ಬಿಟ್ಟು ದಿನ ನೀರು, ಬೀದಿಗೆ ಮುಕ್ಕಾಲು ಗಂಟೆ. ನೀರು ಬಂದ ದಿನ ಇವರ ಹೆಸರು ಯಾರಿಗೂ ನೆನಪಾಗುವುದಿಲ್ಲ. ಬಾರದ ದಿನ ಮಕ್ಕಳಿಗೂ ಗೊತ್ತಿರುತ್ತದೆ.

ನಾಲ್ಕು ವರ್ಷದಿಂದ ಡಿಸೆಂಬರಿನ ಒಂದು ಭಾನುವಾರ ಈ ಊರಿನ ಕೆರೆ ಏರಿಯ ಮೇಲೆ ದೊಡ್ಡ ಓಟ ನಡೆಯುತ್ತಿದೆ. ಪುಣೆ, ಹೈದರಾಬಾದ್, ಕೊಯಮತ್ತೂರಿನಿಂದೆಲ್ಲ ಜನ ಬರುತ್ತಾರೆ, ಎರಡು ದಿನ ಉಳಿಯುತ್ತಾರೆ. ಹಳೇ ಜಮೀನ್ದಾರರು ಕಟ್ಟಿಸಿದ ಬಾಡಿಗೆ ರೂಮುಗಳು ತುಂಬುತ್ತವೆ. ಬಸ್‌ಸ್ಟಾಪಿನ ಶಾಂತಲಾ ಅವರ ಹೋಟೆಲಿನಲ್ಲಿ ಬೆಳಿಗ್ಗೆ ಎಂಟಕ್ಕೇ ಇಡ್ಲಿ ಹಿಟ್ಟು ಖಾಲಿ. ಆದರೆ ಬಂದವರು ಸ್ನಾನವನ್ನೂ ಮಾಡಬೇಕಲ್ಲ. ತಗ್ಗಿನ ರೂಮುಗಳ ಸಂಪುಗಳು ನೀರೆಳೆದುಕೊಂಡರೆ ದಿಣ್ಣೆಯ ಮೇಲಿನ ಬೀದಿಗೆ ಏರುವಷ್ಟು ಒತ್ತಡ ಪೈಪಿನಲ್ಲಿ ಉಳಿಯುವುದಿಲ್ಲ.

ಹೋದ ವರ್ಷ ಅದಕ್ಕಿಂತ ಕೆಟ್ಟದ್ದಾಯಿತು. ಶಾಮಿಯಾನದವರು ಹೊಡೆದ ಗೂಟ ನೇರವಾಗಿ ದೊಡ್ಡ ಪೈಪಿಗೇ ಇಳಿಯಿತು. ನೀರು ಆಳೆತ್ತರ ಚಿಮ್ಮಿತು. ಚಿಕ್ಕಹನುಮಯ್ಯ ಕೀಲಿ ಹೊತ್ತು ಓಡಿ ಬಂದರೆ, ಮುಚ್ಚಬೇಕಾದ ವಾಲ್ವ್ ಬಹುಮಾನ ಕೊಡುವ ವೇದಿಕೆಯ ಅಡಿಯಲ್ಲಿತ್ತು. ಹಲಗೆಗಳನ್ನು ಕಿತ್ತು ಒಳಗೆ ತೆವಳಿ ವಾಲ್ವ್ ಮುಚ್ಚುವಷ್ಟರಲ್ಲಿ ಊರಿನ ಟ್ಯಾಂಕು ಬರಿದಾಗಿತ್ತು.

ರಿಪೇರಿಗೆ ನಾಲ್ಕು ದಿನ ಹಿಡಿಯಿತು. ಮೇಲಿನ ಬೀದಿಯ ಕೊನೆಯ ಮನೆ ಗೌರಮ್ಮ ಅವರದು. ಮನೆಯಲ್ಲಿ ಹನ್ನೊಂದು ದಿನದ ಬಾಣಂತಿ ಮಗಳು. ಗೌರಮ್ಮ ಕೊಡ ಹೊತ್ತು ದಿಣ್ಣೆ ಹತ್ತಿ ಇಳಿದು ಸುಸ್ತಾಗಿ, ಕೊನೆಗೆ ಬೀದಿಯಲ್ಲೇ ನಿಂತು ಚಿಕ್ಕಹನುಮಯ್ಯನವರನ್ನು ಬೈದರು. ಶಾಮಿಯಾನದವರು ಅಷ್ಟರಲ್ಲಿ ಗಂಟುಮೂಟೆ ಕಟ್ಟಿದ್ದರು, ಎದುರಿಗಿದ್ದವರು ಇವರೊಬ್ಬರೇ.

"ಬೈದಿದ್ದು ಸರೀನೇ ಅನ್ನಿಸ್ತು. ಮನೇಲಿ ಹಸುಗೂಸಿಟ್ಕೊಂಡು ಇನ್ನೇನ್ ಮಾಡಾರು? ಕೀಲಿ ಆಫೀಸ್ನಾಗೆ ಕೊಟ್ಬಿಡಾನ ಅಂತ ಎರಡ್ ಸಲ ಓದೆ. ಬಾಗ್ಲತಂಕ ಓಗಿ ವಾಪಸ್ ಬಂದೆ."

ಈ ವರ್ಷ ಊರು ಎರಡಾಯಿತು. ಓಟ ಬೇಕೇ ಬೇಕೆಂದು ರೂಮು ಕಟ್ಟಿಸಿದವರು, ಈ ಸಲ ಬಂದರೆ ರಸ್ತೆಗೆ ಅಡ್ಡ ಕೂರುತ್ತೇವೆಂದು ಮೇಲಿನ ಬೀದಿಯವರು. ಓಟ ನಡೆಸುವ ತಂಡದ ಗೌತಮಿ, ಆರ್‌.ಟಿ. ನಗರದವರು, ತಿಂಗಳು ಮೊದಲೇ ಬಂದು ಪೈಪುಗಳ ನಕ್ಷೆ ಕೇಳಿದರು. ಆಫೀಸಿನಲ್ಲಿ ನಕ್ಷೆಯೇ ಇರಲಿಲ್ಲ. ಚಿಕ್ಕಹನುಮಯ್ಯನನ್ನು ಕೇಳಿ ಎಂದು ಕಳಿಸಿದರು.

ಚಿಕ್ಕಹನುಮಯ್ಯ ಗೌತಮಿಯವರನ್ನು ಎರಡು ದಿನ ಊರೆಲ್ಲ ನಡೆಸಿದರು. ಹೊಂಗೆ ಮರದಿಂದ ಮೂರು ಹೆಜ್ಜೆ ಎಡಕ್ಕೆ, ಹಳೇ ಗರಡಿಯ ಗೋಡೆಗಂಟಿಕೊಂಡು, ಅಲ್ಲಿಂದ ಏರಿಯ ಬುಡಕ್ಕೆ. ನಡೆದಲ್ಲೆಲ್ಲ ಸುಣ್ಣದ ಪುಡಿ ಉದುರಿಸುತ್ತ ಹೋದರು. ಹೋದ ವರ್ಷದ ವೇದಿಕೆ, ಶಾಮಿಯಾನ ಎರಡೂ ಆ ಬಿಳಿ ಗೆರೆಯ ಮೇಲೆಯೇ ನಿಂತಿದ್ದವೆಂದು ಗೌತಮಿಯವರಿಗೆ ಆಗ ತಿಳಿಯಿತು.

ಚಿಕ್ಕಹನುಮಯ್ಯ ಎರಡೇ ಮಾತು ಕೇಳಿದರು: ಗೆರೆಯಿಂದ ಇಪ್ಪತ್ತಡಿಯೊಳಗೆ ಗೂಟ ಬೀಳಬಾರದು, ಓಟಗಾರರ ಸ್ನಾನಕ್ಕೆ ಟ್ಯಾಂಕರ್ ತರಿಸಬೇಕು. ಗೌತಮಿ ಒಪ್ಪಿದರು. ಒಪ್ಪದಿದ್ದವರು ಚಿಕ್ಕಹನುಮಯ್ಯನವರ ಅಣ್ಣನ ಮಗ ಗೋಪಿ. ಹತ್ತು ರೂಮುಗಳ ಒಡೆಯ. ಓಟದ ಹಿಂದಿನ ದಿನ, ಶನಿವಾರ, ತಗ್ಗಿನ ಸಾಲು ಬಿಟ್ಟು ಮೇಲಿನ ಬೀದಿಗೆ ಮೊದಲು ನೀರು ಬಿಡುತ್ತೇನೆಂದು ಚಿಕ್ಕಪ್ಪ ಹೇಳಿದಾಗ, ರಕ್ತಸಂಬಂಧಕ್ಕೂ ಬೆಲೆಯಿಲ್ಲವೇ ಎಂದು ಕೇಳಿದರು.

"ನಿನ್ ಮನೆಗೆ ಬಂದೋರು ಸೋಮ್ವಾರ ಊರಿಗೋಯ್ತಾರೆ ಕಣೋ. ಇಲ್ಲಿರೋರು ಎಲ್ಲಿಗೋಗಾರು?" ಎಂದಷ್ಟೇ ಹೇಳಿದೆ ಎನ್ನುತ್ತಾರೆ ಚಿಕ್ಕಹನುಮಯ್ಯ. ಗೋಪಿ ಮುಖ ಊದಿಸಿಕೊಂಡು ಹೋದವರು ಸಂಜೆಗೆ ಟ್ಯಾಂಕರಿನವನ ಫೋನ್ ನಂಬರ್ ಕೇಳಿಕೊಂಡು ಬಂದರು.

ಓಟದ ದಿನ ಬೆಳಗಿನ ಜಾವ ನಾಲ್ಕು ಗಂಟೆಗೇ ಚಿಕ್ಕಹನುಮಯ್ಯ ದೊಡ್ಡ ವಾಲ್ವಿನ ಪಕ್ಕ ಕೂತಿದ್ದರು. ಮೇಲಿನ ಬೀದಿಯವರೂ ಬಂದರು. ಆದರೆ ರಸ್ತೆಗೆ ಅಡ್ಡ ಕೂರಲಿಲ್ಲ, ಸುಮ್ಮನೆ ಅಂಚಿನಲ್ಲಿ ನಿಂತರು. ಎರಡು ಸಾವಿರ ಕಾಲುಗಳು ಪೈಪಿನ ಮೇಲೆ ದಾಟಿ ಹೋದವು. ಒಂದು ಗೂಟವೂ ತಪ್ಪು ಜಾಗಕ್ಕೆ ಬೀಳಲಿಲ್ಲ. ಹತ್ತು ಗಂಟೆಗೆ ಗೌರಮ್ಮ ಮೊಮ್ಮಗಳನ್ನು ಎತ್ತಿಕೊಂಡು ದಿಣ್ಣೆಯಿಳಿದು ಬಂದರು. "ನಿನ್ನೆ ತುಂಬಿದ್ ಸಂಪು ಅಂಗೇ ಐತೆ ಕಣಣ್ಣಾ, ನೀನೋಗಿ ತಿಂಡಿ ತಿನ್ನು" ಎಂದರು. ಒಂದು ವರ್ಷದಿಂದ ಎದೆಯ ಮೇಲೆ ಕೂತಿದ್ದ ಭಾರ ಆಗ ಇಳಿಯಿತು ಎನ್ನುತ್ತಾರೆ ಚಿಕ್ಕಹನುಮಯ್ಯ. ಶಾಂತಲಾ ಅವರ ಹೋಟೆಲಿಗೆ ಹೋಗಿ ಅಂದು ಆರು ಇಡ್ಲಿ ತಿಂದರಂತೆ.

ಬರುವ ಜೂನ್‌ಗೆ ಅವರ ಕೆಲಸ ಮುಗಿಯುತ್ತದೆ. ಗೌತಮಿಯವರು ಆ ಎರಡು ದಿನದ ನಡಿಗೆಯನ್ನು ನಕ್ಷೆ ಮಾಡಿಸಿದ್ದಾರೆ. ಚಿಕ್ಕಹನುಮಯ್ಯ ಅದರಲ್ಲಿ ಎರಡು ತಪ್ಪು ತಿದ್ದಿಸಿ ಆಫೀಸಿನ ಗೋಡೆಗೆ ಹಾಕಿಸಿದ್ದಾರೆ. ಮೂಲೆಯಲ್ಲಿ ನಿಮ್ಮ ಹೆಸರು ಬರೆಸಲಿಲ್ಲವೇ ಎಂದೆ.

"ಎಸ್ರು ಯಾಕೆ ಸ್ವಾಮಿ? ನನ್ ಜಾಗಕ್ಕೆ ಬರೋನು ಅದ್ ನೋಡ್ಕೊಂಡು ಯಾರ್ ಕೈಲೂ ಬೈಸ್ಕೊಳ್ದಂಗೆ ನೀರು ಬಿಟ್ರೆ ಸಾಕು."