ಬೇವಿನ ಮರದಿಂದ ಮೂವತ್ತು ಹೆಜ್ಜೆ

ಕಾಲೇಜಿನಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಸೋಮವಾರದ ಪಾಠವನ್ನು ರವಿವಾರವೇ ಹೊಲದಲ್ಲಿ ಕಾಕಾನ ಮುಂದೆ ಹೇಳಿ ನೋಡುವುದು ರೂಢಿ. ಕಾಕಾ ಯರಗುಪ್ಪಿಯಲ್ಲಿ ನಮ್ಮ ಬಾಜು ಹೊಲದವರು, ಎಪ್ಪತ್ತು ದಾಟಿದವರು. ಅವರಿಗೆ ತಿಳಿದರೆ ತರಗತಿಗೂ ತಿಳಿಯುತ್ತದೆ.

ಆ ರವಿವಾರದ ಪಾಠ ಅಮೆರಿಕ ದೇಶ ಕಟ್ಟಿದ ಹಿರಿಯರಲ್ಲೊಬ್ಬರದು. ಅಣ್ಣನ ಛಾಪಖಾನೆಯಲ್ಲಿ ದುಡಿದು, ಊರು ಬಿಟ್ಟು ಓಡಿ, ಪತ್ರಿಕೆ ನಡೆಸಿ, ಸ್ವಾತಂತ್ರ್ಯದ ಘೋಷಣೆಗೆ ಸಹಿ ಹಾಕಿ, ಮುಪ್ಪಿನಲ್ಲಿ ಅಲ್ಲಿನ ರಾಜನ ಫೌಜು ಬೇಡಲು ಫ್ರಾನ್ಸಿಗೆ ರಾಯಭಾರಿಯಾಗಿ ಹೋದವರು. ನಡುವೆ, ಮನೆಗಳ ಮೇಲೆ ಕಬ್ಬಿಣದ ಸಲಾಕೆ ನಿಲ್ಲಿಸಿ ಸಿಡಿಲನ್ನು ನೆಲಕ್ಕಿಳಿಸಿದರು ಎಂದು ಒಂದೇ ವಾಕ್ಯ ಹೇಳಿ ಮುಂದೆ ಹೋದೆ. ಪರೀಕ್ಷೆಗೆ ಅದು ಬರುವುದಿಲ್ಲ.

“ಹಂಗಾರ ನಮ್ಮ ಹಿರ್ಯಾರು ಸುಳ್ಳ ಹೇಳಿಲ್ಲ ಬಿಡು,” ಎಂದರು ಕಾಕಾ, ಮೆಣಸಿನ ಸಾಲಿನಲ್ಲಿ ಕುರ್ಚಿಗಿಯಿಂದ ಕಳೆ ತೆಗೆಯುತ್ತ. ಗುಡುಗಿದರೆ ಕೈಯಲ್ಲಿನ ಕಬ್ಬಿಣ ದೂರ ಒಗೆಯುವುದು ನಮ್ಮ ಕಡೆಯ ಪದ್ಧತಿ.

ರಾಯಭಾರಿ ಫ್ರಾನ್ಸಿನಲ್ಲಿ ತುಪ್ಪಳದ ಟೋಪಿ ಹಾಕಿಕೊಂಡೇ ತಿರುಗಾಡುತ್ತಿದ್ದರೆಂದೆ. ಕಾಕಾ ತಮ್ಮ ಟೋಪಿ ಮುಟ್ಟಿಕೊಂಡರು. “ನಮ್ಮಾಂವನ ಅನ್ನು.”

ರಾಜನ ಉತ್ತರಕ್ಕೆ ಬರುವಷ್ಟರಲ್ಲಿ ಮಳೆ ಬಂತು, ಹಿಂದೆಯೇ ಗುಡುಗು. ಕಾಕಾ ಕುರ್ಚಿಗಿ ಒಗೆದರು, ಬೀಗದ ಕೈಯನ್ನೂ ಒಗೆದರು, ಬೇವಿನ ಮರದ ಬುಡಕ್ಕೆ ಹೋಗಿ ನಿಂತರು. ಆ ಬಯಲಿಗೆಲ್ಲ ಅದೊಂದೇ ಮರ. ನಾನು ಸಾಲಿನಲ್ಲೇ ಕುಕ್ಕರಗಾಲಲ್ಲಿ ಕೂತೆ.

“ಕಾಕಾ, ಗಿಡ ಬಿಟ್ಟು ಬರ್ರಿ! ಎತ್ತರ ಇದ್ದದ್ದಕ್ಕ ಬಡೀತೈತ್ರಿ ಅದು!”

“ಕಬ್ಬಿಣ ಒಗದೇನಲ್ಲೋ! ನೀನ ಹೇಳೀದಿ. ಇಲ್ಲೆ ಬಾ, ತೊಯ್ಸಿಕೊಂಡ ಸಾಯಬ್ಯಾಡ.”

ನಾನು ಹೇಳಿದ್ದು ಅರ್ಧ. ಸಲಾಕೆ ಸಿಡಿಲು ಸೆಳೆದದ್ದು ಎತ್ತರಕ್ಕಿದ್ದುದರಿಂದ ಎಂಬ ಉಳಿದರ್ಧವನ್ನು ಈಗ ಎಷ್ಟು ಕೂಗಿದರೂ ಅವರು ನಂಬುವವರಲ್ಲ.

“ರಾಜ ಫೌಜು ಕೊಟ್ಟನೋ ಇಲ್ಲೋ, ಇಲ್ಲಿಗೆ ಬಂದ್ರ ಹೇಳ್ತೀನ್ರಿ!”

“ಅಲ್ಲಿಂದನ ಒದರಲೇ!”

“ಒದರಂಗಿಲ್ರಿ!”

ಬೈಯುತ್ತ ಹೊರಟರು. ಎರೆಮಣ್ಣು ಮೆತ್ತಿ ಚಪ್ಪಲಿ ಭಾರವಾಗಿ, ನಡುದಾರಿಯಲ್ಲಿ ನಿಂತು ಅವನ್ನು ಬಿಚ್ಚಿ ಕೈಯಲ್ಲಿ ಹಿಡಿದರು. ಬೇಗ ಬರ್ರಿ ಎನ್ನಲಿಲ್ಲ ನಾನು; ಅಂದರೆ ಎಲ್ಲಿ ಹಿಂದಿರುಗುತ್ತಾರೋ ಎಂಬ ಭಯ. ನನ್ನ ಹತ್ತಿರ ಬಂದು ಬಗ್ಗುವಾಗ ಎಲ್ಲ ಬೆಳ್ಳಗಾಯಿತು. ಸದ್ದು ನೆನಪಿಲ್ಲ. ಬೇವು ನೆತ್ತಿಯಿಂದ ಬುಡದವರೆಗೆ ಸೀಳಿಹೋಗಿತ್ತು, ಹಸಿ ತೊಗಟೆ ಸುಟ್ಟ ವಾಸನೆ. ಕಾಕಾ ಮಂಡಿಯೂರಿದ್ದರು, ಚಪ್ಪಲಿ ಕೈಯಲ್ಲೇ ಇದ್ದವು.

ಹಾಗೇ ಕೇಳಿದರು: “ಕೊಟ್ಟನೋ ಇಲ್ಲೋ?”

ಹೌದೆಂದು ತಲೆಯಾಡಿಸಿದೆ.

ಮರದಿಂದ ನಾನು ಕೂತಲ್ಲಿಗೆ ಮೂವತ್ತು ಹೆಜ್ಜೆ. ಚಪ್ಪಲಿ ಬಿಚ್ಚಲು ನಿಂತದ್ದು ಹದಿನಾಲ್ಕನೆಯದಕ್ಕೆ. ದಿನಕ್ಕೊಮ್ಮೆಯಾದರೂ ಅದನ್ನು ಎಣಿಸುತ್ತೇನೆ.

ಸೋಮವಾರ ತರಗತಿಯಲ್ಲಿ ಸಲಾಕೆ, ಮರಗಳ ಮಾತಿಗೇ ಗಂಟೆ ಮುಗಿಯಿತು. ರಾಯಭಾರಿ ಆ ದಿನ ಫ್ರಾನ್ಸ್ ಮುಟ್ಟಲಿಲ್ಲ.