ಹೊಡೆದಾಟ ಕತ್ತರಿಸಿ ಹಾಡು ಉಳಿಸುವ ತಿಮ್ಮಣ್ಣ

ಬೆಳಿಗ್ಗೆ ಆರು ಗಂಟೆ. ಯಡ್ತರೆಯ ಹಳೆಯ ಟಾಕೀಸಿನ ಕ್ಯಾಬಿನ್ನಿನಲ್ಲಿ ತಿಮ್ಮಣ್ಣ ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿ, ಫಿಲ್ಮನ್ನು ಎಡಗಣ್ಣಿನ ಹತ್ತಿರ ಹಿಡಿದಿದ್ದಾರೆ. ಪ್ರೊಜೆಕ್ಟರಿನ ಕಾರ್ಬನ್ ದೀಪದ ಎದುರು ಮೂವತ್ತು ವರ್ಷ ಕೂತು ಬಲಗಣ್ಣು ಮಂಜಾಗಿದೆ.

ಏಳನೇ ರೀಲಿನ ಅಂಚಿನ ತೂತುಗಳು ಹರಿದಿವೆ. ಯಂತ್ರದ ಹಲ್ಲು ಆ ತೂತುಗಳಿಗೆ ಸಿಕ್ಕಿದರಷ್ಟೇ ಚಿತ್ರ ಓಡುತ್ತದೆ. ಹರಿದ ತುಂಡನ್ನು ಕತ್ತರಿಸಿ ಎಸೆಯುವುದು ಸುಲಭ. ಆದರೆ ಅಲ್ಲಿರುವುದು ಬಾವಿಕಟ್ಟೆಯ ಹಾಡು. ಆಸ್ತಿ ಪಾಲಾಗಿ ಮಾತು ಬಿಟ್ಟ ಅಣ್ಣತಮ್ಮಂದಿರು ಅಕ್ಕನ ಹಾಡು ಕೇಳಿ ಒಂದೇ ಹಗ್ಗ ಹಿಡಿದು ನೀರು ಸೇದುವ ದೃಶ್ಯ.

"ಅದ್ರಗೆ ಒಂದ್ ಸಾಲ್ ಹಾರ್ರೂ ಹೆಂಗ್ಸ್ರು ನನ್ನ ಬಿಡೂದಿಲ್ಲೆ ಅಮ್ಮ" ಎನ್ನುತ್ತಾರೆ, ಕೆಲಸ ನೋಡಲು ಬಂದ ನನಗೆ.

ದೋಣಿಗಳು ಕಡಲಿಗಿಳಿಯದ ಮಳೆಗಾಲದಲ್ಲಿ ಮೀನು ಮಾರುವ ಹೆಂಗಸರಿಗೆ ಬಿಡುವು. ಆಗ ಪ್ರತಿ ವರ್ಷ ಒಂದು ಭಾನುವಾರ ಅವರಿಗಾಗಿಯೇ ಇದೇ ಚಿತ್ರ. 1997ರಲ್ಲಿ ಶುರುವಾದ ಕ್ರಮಕ್ಕೆ ಇದು ಹತ್ತನೇ ವರ್ಷ. ಈ ಸಲ ಮಾಲೀಕ ರತ್ನಾಕರ ಖಡಾಖಂಡಿತವಾಗಿ ಹೇಳಿದ್ದಾರೆ: ರೀಲು ನಡುವೆ ನಿಂತರೆ ಇದೇ ಕೊನೆಯ ಆಟ.

ಮುಂಬೈಗೆ ಹೋಟೆಲ್ ಕೆಲಸಕ್ಕೆ ಹೋದ ತಿಮ್ಮಣ್ಣ, ಪಕ್ಕದ ಟಾಕೀಸಿನ ಆಪರೇಟರನಿಗೆ ಚಹಾ ಕೊಡುತ್ತ ಈ ವಿದ್ಯೆ ಕಲಿತವರು. ತೂತಿಗೆ ತೂತು ಹೊಂದಿಸಿ ಬೇರೆ ಫಿಲ್ಮಿನ ಅಂಚು ಅಂಟಿಸುತ್ತಾರೆ. ಬೆಳಗಿನ ಜಾವದಿಂದ ನಲವತ್ತು ತೂತು ಮುಗಿದಿವೆ. ಆ ಅಂಚು ಎಲ್ಲಿಂದ ಬರುತ್ತದೆಂದು ಕೇಳಿದೆ.

"ಹನ್ನೆರಡ್ನೇ ರೀಲಿನ ಹೊಡೆದಾಟದಿಂದ! ಮೊದ್ಲ್ ಎಂಟ್ ನಿಮಿಷ ಇದ್ದಿತ್. ಈಗ ಪಾಪ, ರೌಡಿ ಬಾಗ್ಲಿಗೆ ಬತ್ತ, ಬೀಳ್ತ. ಯಾರ್ ಹೊಡ್ದ್ರ್ ಅಂದೇಳಿ ಗೊತ್ತಾತಿಲ್ಲೆ."

ಈಗ ಆ ರೌಡಿಯೂ ಮುಗಿದಿದ್ದಾನೆ. ಹಾಡಿಗೆ ಇನ್ನೂ ಒಂದು ಮಾರಿನಷ್ಟು ಅಂಚು ಬೇಕು. ಬೇರೆ ಯಾವ ದೃಶ್ಯಕ್ಕೂ ಕತ್ತರಿ ಹಾಕಲು ಅವರಿಗೆ ಮನಸ್ಸಿಲ್ಲ. ಕೊನೆಯ ರೀಲಿನ ತುದಿ ಬಿಚ್ಚಿ, 'ಶುಭಂ' ಎಂಬ ತುಂಡನ್ನು ಕತ್ತರಿಸುತ್ತಾರೆ.

ಹನ್ನೊಂದಕ್ಕೆ ಆಟ. ಮೆಟ್ಟಿಲ ಮೇಲೆ ಯಾರೋ ಒಣಮೀನಿನ ಪೊಟ್ಟಣ ಇಟ್ಟು ಹೋಗಿದ್ದಾರೆ. ಪ್ರತಿ ವರ್ಷವೂ ಇಡುತ್ತಾರಂತೆ. ಏಳನೇ ರೀಲು ಬಂದಾಗ ತಿಮ್ಮಣ್ಣ ಪರದೆ ನೋಡುವುದಿಲ್ಲ, ಯಂತ್ರಕ್ಕೆ ಕಿವಿ ಕೊಟ್ಟು ನಿಲ್ಲುತ್ತಾರೆ. ಅಂಟಿಸಿದ ಅಂಚು ಟಕಟಕ ಎನ್ನುತ್ತ ದಾಟುತ್ತದೆ. ಕೆಳಗೆ ಹೆಂಗಸರೆಲ್ಲ ಅಕ್ಕನ ಜೊತೆ ಹಾಡುತ್ತಿದ್ದಾರೆ. ಹಾಡು ಪೂರ್ತಿಯಾದ ಮೇಲೆಯೇ ತಿಮ್ಮಣ್ಣ ಉಸಿರು ಬಿಡುವುದು.

ಚಿತ್ರ ಮುಗಿದು ಪರದೆ ಬೆಳ್ಳಗಾದರೂ ಯಾರೂ ಏಳುವುದಿಲ್ಲ. ಮುಂದಿನ ಸಾಲಿನಿಂದ ಹರಿಣಾಕ್ಷಿ ಎಂಬಾಕೆ ಕೂಗುತ್ತಾರೆ: "ಹ್ವಾಯ್ ತಿಮ್ಮಣ್ಣ, ಶುಭಂ ಎಲ್ಲ್ ಹೋಯ್ತ್? ರೌಡಿ ತಕಂಡ್ ಹೋದ್ನಾ?"

ನಗುವೋ ನಗು. ಬಾಗಿಲಲ್ಲಿ ನಿಂತ ರತ್ನಾಕರರೂ ನಗುತ್ತಾರೆ. ತಿಮ್ಮಣ್ಣ ಕ್ಯಾಬಿನ್ನಿನ ಕಿಂಡಿಗೆ ಬಾಯಿಟ್ಟು ಉತ್ತರಿಸುತ್ತಾರೆ:

"ಮುಗ್ದ್ರಲ್ದಾ ಶುಭಂ ಹಾಕೂದ್? ಬಪ್ಪ ಮಳೆಗಾಲಕ್ಕೂ ಬನ್ನಿ!"