ಮೇಲಿನ ಮನೆಯ ಬೆಕ್ಕು

ನಮ್ಮ ದೊಡ್ಡಮ್ಮನನ್ನು ಬೀದಿಯವರು ಮಿಷನ್ ಅಕ್ಕ ಎನ್ನುತ್ತಾರೆ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಬೀದಿ ಕಡೆಗೊಂದು ಕಿಟಕಿ, ಕಿಟಕಿಯ ಕೆಳಗೆ ಮಿಷನ್, ಅದರ ಎದುರಿನ ಗೋಡೆಗೆ ಟಿವಿ. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಪರದೆ, ಜಿಪ್ ಕಿತ್ತುಹೋದ ಬ್ಯಾಗು, ಸೊಂಟ ಸಡಿಲವಾದ ಪ್ಯಾಂಟು, ಏನು ಬಂದರೂ ಇಲ್ಲ ಎನ್ನುವವಳಲ್ಲ. ನಾನು ಹಳ್ಳಿಯಿಂದ ಬಂದು ಕಾಲೇಜು ಓದಿದಷ್ಟು ವರ್ಷ ಅವಳ ಮನೆಯಲ್ಲೇ ಇದ್ದೆ. ಬಟ್ಟೆಯ ಚೂರುಗಳ ನಡುವೆ ಚಾಪೆ ಹಾಸಿಕೊಂಡು ಓದುತ್ತಿದ್ದುದರಿಂದ ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದನ್ನು ಕಣ್ಣಾರೆ ಕಂಡಿದ್ದೇನೆ. ಉಳಿದದ್ದನ್ನು ಅವಳೇ ಹೇಳಿದ್ದಾಳೆ.

ಮಿಷನ್ನಿನ ಪಕ್ಕದ ಬೆತ್ತದ ಕುರ್ಚಿ ಅಜ್ಜಿಯದು. ಅಜ್ಜಿ ಎಂದರೆ ದೊಡ್ಡಮ್ಮನ ಅತ್ತೆ. ಅವಳ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಎದುರು ನಿಂತವರ ಆಕಾರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಗುಂಡಿಗಳ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು, ಎರಡು ತೂತಿನವು, ನಾಲ್ಕು ತೂತಿನವು, ಕೋಟಿನವು, ಅಂಗಿಯವು ಎಂದು ಬೆರಳಲ್ಲೇ ತಡವಿ ಬೇರೆ ಮಾಡಿ ಕೊಡುತ್ತಿದ್ದಳು. ಸಂಜೆ ಟಿವಿ ಹಾಕಿದರೆ ಅದರಲ್ಲಿ ಕಾಣುವುದನ್ನೆಲ್ಲ ದೊಡ್ಡಮ್ಮ ಬಾಯಿಬಿಟ್ಟು ಹೇಳಬೇಕು. ಅದಕ್ಕೊಂದು ಪದ್ಧತಿ ಇತ್ತು. ಧಾರಾವಾಹಿಯವರು ಮಾತಾಡುವಾಗ ದೊಡ್ಡಮ್ಮ ಪೆಡಲಿನಿಂದ ಕಾಲು ತೆಗೆಯುತ್ತಿದ್ದಳು. ಮಾತು ನಿಂತು ಬರೀ ಸಂಗೀತ ಬಂದರೆ, ಅವಳು ಬಾಗಿಲ ಸಂದಿಯಿಂದ ನೋಡುತ್ತಿದ್ದಾಳೆ, ಕಣ್ಣಲ್ಲಿ ನೀರಿದೆ, ಆದರೆ ಅದು ಸುಳ್ಳು ನೀರು ಎಂದು ತನ್ನದನ್ನೂ ಸೇರಿಸಿ ಹೇಳುತ್ತಿದ್ದಳು. ಜಾಹೀರಾತು ಬಂತೋ, ಮಿಷನ್ ಗಡಗಡ ಓಡುತ್ತಿತ್ತು. ಇವಳು ಹೊಲಿದ ಪ್ಯಾಂಟನ್ನು ತಿರುಗಿಸಿ ನೋಡಿದರೆ ಎಷ್ಟು ಜಾಹೀರಾತು ಬಂದಿದ್ದವೆಂದು ಹೇಳಬಹುದು ಎಂದು ದೊಡ್ಡಪ್ಪ ನಗುತ್ತಿದ್ದ. ಅವನು ಲಾರಿ ಓಡಿಸುವವನು, ಮನೆಗಿಂತ ರಸ್ತೆಯಲ್ಲೇ ಹೆಚ್ಚು ಇರುತ್ತಿದ್ದ. ಅವರಿಗೆ ಮಕ್ಕಳಿರಲಿಲ್ಲ. ದೊಡ್ಡಮ್ಮನಿಗೆ ಸಂಜೆ ಎಂದರೆ ಅಜ್ಜಿ, ಅಜ್ಜಿಗೆ ಸಂಜೆ ಎಂದರೆ ದೊಡ್ಡಮ್ಮನ ಬಾಯಿ.

ಮೇಲಿನ ಮಹಡಿಯಲ್ಲಿ ಅಜ್ಜಿಯ ಕಿರಿಯ ಮಗ ಮತ್ತು ಅವನ ಹೆಂಡತಿ. ನಾನು ಅವರನ್ನು ಚಿಕ್ಕಪ್ಪ, ಚಿಕ್ಕಮ್ಮ ಎನ್ನುತ್ತಿದ್ದೆ. ಚಿಕ್ಕಮ್ಮ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ದಿನವಿಡೀ ನಿಂತು ಬಂದವಳು ಸೋಫಾಕ್ಕೆ ಒರಗಿದರೆ ಒರಗಿದ ಹಾಗೆಯೇ ನಿದ್ದೆ ಹೋಗುತ್ತಿದ್ದಳು. ಕೆಟ್ಟವಳಲ್ಲ. ಆದರೆ ಓರಗಿತ್ತಿ ಒಳ್ಳೆಯವಳಾದಷ್ಟೂ ಹೊಟ್ಟೆಕಿಚ್ಚಿಗೆ ಕಷ್ಟ, ಬೈಯಲು ಕಾರಣ ಹುಡುಕಬೇಕಾಗುತ್ತದೆ.

ಆ ಕಾರಣ ಒಂದು ಸಣ್ಣ ಕಪ್ಪು ಡಬ್ಬಿಯ ರೂಪದಲ್ಲಿ ಬಂತು. ಚಿಕ್ಕಪ್ಪ ಅದನ್ನು ತಂದು ತಮ್ಮ ಟಿವಿಯ ಹಿಂದೆ ಸಿಕ್ಕಿಸಿ, ಮನೆಯ ವೈಫೈಗೆ ಸೇರಿಸಿದ. ಜೊತೆಗೆ ಬಂದ ರಿಮೋಟಿನಲ್ಲಿ ಒಂದು ಗುಂಡಿ ಒತ್ತಿ ಮಾತಾಡಿದರೆ ಸಾಕು, ಕೇಳಿದ್ದು ಪರದೆಯ ಮೇಲೆ ಬರುತ್ತಿತ್ತು. ಅಜ್ಜಿಯನ್ನು ಮೇಲೆ ಕರೆದುಕೊಂಡು ಹೋಗಿ ಅದನ್ನು ಕೈಗೆ ಕೊಟ್ಟರು. ಅಜ್ಜಿ ಆ ಗುಂಡಿಯನ್ನು ತಡವಿ, ನಡುವೆ ತಗ್ಗು ಇರುವುದನ್ನು ಗುರುತು ಮಾಡಿಕೊಂಡಳು. ಬೇರೊಂದು ದೇಶದ ಹಡಗಿನ ಕ್ಯಾಪ್ಟನ್ ಒಬ್ಬನ ಮನೆತನದ ಕಥೆಯೊಂದು ಕನ್ನಡದ ಮಾತು ಕೂಡಿಸಿ ಬರುತ್ತಿತ್ತು. ಕ್ಯಾಪ್ಟನ್ ಕಾಣೆಯಾಗಿದ್ದಾನೆ, ಅವನ ಮಗಳು ಕಾಯುತ್ತಿದ್ದಾಳೆ, ಮನೆಯ ಗುಮಾಸ್ತ ಆಸ್ತಿಗೆ ಕಣ್ಣು ಹಾಕಿದ್ದಾನೆ. ಅಜ್ಜಿ “ಹಡಗಿನ ಕಥೆ ಹಾಕಪ್ಪಾ” ಅಂದಳು, ಡಬ್ಬಿ ಹಾಕಿತು. ಕಣ್ಣು ಹೋದ ಮೇಲೆ ಎಲ್ಲದಕ್ಕೂ ಇನ್ನೊಬ್ಬರನ್ನು ಕೇಳಿ ಬದುಕಿದ್ದ ಜೀವ ಅದು. ತಾನು ಹೇಳಿದ್ದನ್ನು ಎದುರು ಮಾತಿಲ್ಲದೆ ಕೇಳುವ ವಸ್ತುವೊಂದು ಅವಳಿಗೆ ಮೊದಲ ಸಲ ಸಿಕ್ಕಿತ್ತು.

ಮರುದಿನದಿಂದ ಸಂಜೆಯಾದರೆ ಅಜ್ಜಿ ಕಂಬಿ ಹಿಡಿದು ಮೆಟ್ಟಿಲು ಹತ್ತತೊಡಗಿದಳು. ಕೆಳಗೆ ಬೆತ್ತದ ಕುರ್ಚಿ ಖಾಲಿ. ದೊಡ್ಡಮ್ಮ ಮೊದಲು ಏನೂ ಆಗದವಳ ಹಾಗೆ ಇದ್ದಳು. ನಂತರ ಟಿವಿಯನ್ನು ಹಾಕುವುದನ್ನೇ ಬಿಟ್ಟಳು. ಆಮೇಲೆ ಮೇಲಿನಿಂದ ಅಜ್ಜಿಯ ನಗು ಕೇಳಿದಾಗಲೆಲ್ಲ ಪೆಡಲನ್ನು ಜೋರಾಗಿ ತುಳಿಯತೊಡಗಿದಳು. ಆ ದಿನಗಳಲ್ಲಿ ಹೊಲಿದ ಬಟ್ಟೆಗಳ ಹೊಲಿಗೆ ಎಷ್ಟು ಬಿಗಿಯಾಗಿತ್ತೆಂದರೆ, ಉಸಿರಾಡಲು ಆಗುತ್ತಿಲ್ಲ ಎಂದು ಒಬ್ಬರು ಅಂಗಿ ವಾಪಸು ತಂದರು.

“ಗೇಟಿನ ತನಕ ಬನ್ನಿ ಅತ್ತೆ, ಗಾಳಿಗೆ ಕೂರೋಣ ಅಂದ್ರೆ ಮಂಡಿ ನೋವು,” ಎಂದು ನನ್ನ ಹತ್ತಿರ ಹೇಳಿದಳು. “ಮಹಡಿ ಹತ್ತೋಕೆ ಆ ಮಂಡಿ ಎಲ್ಲಿ ಹೋಗಿರುತ್ತೋ. ಬಹುಶಃ ನಮ್ಮನೇಲೇ ಬಿಟ್ಟು ಹೋಗ್ತಾರೆ.”

ದೊಡ್ಡಪ್ಪ ಮುಂದಿನ ಸಲ ಬಂದಾಗ ಅವಳು ಅಂಥದೇ ಡಬ್ಬಿ ಬೇಕೆಂದು ಹಟ ಹಿಡಿದಳು. ಬಂತು. ಜೋಡಿಸಲು ಚಿಕ್ಕಪ್ಪನೇ ಕೆಳಗೆ ಬಂದ. ಒಂದೇ ಮನೆಯವರು ಎರಡು ಕಡೆ ಯಾಕೆ ಚಂದಾ ಕಟ್ಟಬೇಕು, ನಮ್ಮದೇ ಖಾತೆ ಹಾಕಿಕೊಡುತ್ತೇನೆ ಅತ್ತಿಗೆ, ಎಂದ. ಒಬ್ಬೊಬ್ಬರು ನೋಡಿದ್ದು ಬೇರೆ ಬೇರೆಯಾಗಿ ಉಳಿಯಲೆಂದು ಪರದೆಯ ಮೇಲೆ ಎರಡು ಚಿತ್ರಗಳು ಬಂದವು: ಒಂದು ಬೆಕ್ಕು, ಒಂದು ಗೂಬೆ. ಬೆಕ್ಕು ನಮ್ಮದು, ನೀವು ಗೂಬೆಯನ್ನು ಒತ್ತಿ ನೋಡಿ ಎಂದು ಹೇಳಿ ಹೋದ. ದೊಡ್ಡಮ್ಮನಿಗೆ ಅಲ್ಲೇ ಉರಿಯಿತು. ಅವರಿಗೆ ಬೆಕ್ಕು, ನಮಗೆ ಗೂಬೆಯೋ ಎಂದುಕೊಂಡಳು. ಗೂಬೆಯನ್ನು ಒತ್ತಿದರೆ ಖಾಲಿ ಪುಟ. ಬೆಕ್ಕನ್ನು ಒತ್ತಿದರೆ ಮೇಲೆ ಏನೇನು ನೋಡುತ್ತಿದ್ದಾರೆ ಎಲ್ಲವೂ ಸಾಲಾಗಿ ಕಾಣುತ್ತಿತ್ತು, ಎಲ್ಲಕ್ಕಿಂತ ಮುಂದೆ ಹಡಗಿನ ಕಥೆ, ಅದರ ಕೆಳಗೆ, ಎಲ್ಲಿಯವರೆಗೆ ನೋಡಿದ್ದಾರೆಂದು ತೋರಿಸುವ ಒಂದು ಕೆಂಪು ಗೆರೆ. ಇನ್ನೊಬ್ಬರ ಮನೆಯ ಕಿಟಕಿಗೆ ಪರದೆ ಇಲ್ಲದಿದ್ದರೆ ನೋಡಬಾರದೆಂದು ಎಲ್ಲರಿಗೂ ಗೊತ್ತು. ದೊಡ್ಡಮ್ಮ ನೋಡಿದಳು.

ಅಲ್ಲಿಂದ ಅವಳಿಗೊಂದು ಉಪಾಯ ಹೊಳೆಯಿತು. ಬೆಳಿಗ್ಗೆ ಮೇಲಿನವರು ಕೆಲಸಕ್ಕೆ ಹೋದ ಮೇಲೆ, ಅಜ್ಜಿ ಹಿತ್ತಿಲ ಬಿಸಿಲಿಗೆ ಕೂತಿರುವ ಹೊತ್ತಿನಲ್ಲಿ, ಬೆಕ್ಕನ್ನು ಒತ್ತಿ, ಟಿವಿಯ ಸದ್ದು ತಗ್ಗಿಸಿ, ಹಡಗಿನ ಕಥೆಯನ್ನು ಮುಂದಕ್ಕೆ ನೋಡಿಬಿಡುವುದು. ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿಯ ಮುಂದೆ, ಯಾವುದೋ ಯೋಚನೆಯಲ್ಲಿದ್ದವಳ ಹಾಗೆ, ಆ ಕ್ಯಾಪ್ಟನ್ ಮಗಳು ನಾವಿಕನನ್ನೇ ಮದುವೆಯಾಗುತ್ತಾಳೆ ನೋಡುತ್ತಿರಿ ಅನ್ನುವುದು. ನೀನು ಕಥೆ ನೋಡಿಲ್ಲವಲ್ಲೇ, ಹೇಗೆ ಹೇಳುತ್ತೀ ಎಂದು ಅಜ್ಜಿ ಬೆರಗಾದಳು. ನೀವು ಹೇಳಿದ್ದನ್ನು ಕೇಳಿಯೇ ಊಹೆ ಮಾಡಿದೆ ಎಂದಳು ದೊಡ್ಡಮ್ಮ. ಹೊಲಿಯುವವಳಿಗೆ ಅರ್ಧ ಬಟ್ಟೆ ಕಂಡರೆ ಪೂರ್ತಿ ಅಂಗಿ ಕಾಣುತ್ತದೆ ಎಂದು ಬೇರೆ ಸೇರಿಸಿದಳು. ಅಜ್ಜಿ ತಲೆದೂಗಿದ ಆ ಮಧ್ಯಾಹ್ನ ದೊಡ್ಡಮ್ಮ ಎರಡು ಸಲ ಅನ್ನ ಬಡಿಸಿಕೊಂಡಳು.

ಇಲ್ಲಿ ಒಂದು ತಪ್ಪಾಗಿತ್ತು. ನಮ್ಮ ಟಿವಿ ನಮ್ಮದು, ಅವರ ಟಿವಿ ಅವರದು, ನಮ್ಮಲ್ಲಿ ನೋಡಿದ್ದು ಅವರಿಗೆ ಹೇಗೆ ತಿಳಿದೀತು ಎಂದು ದೊಡ್ಡಮ್ಮ ನಂಬಿದ್ದಳು. ಆದರೆ ಬೆಕ್ಕು ಎರಡೂ ಮನೆಗೆ ಒಂದೇ. ಕೆಳಗೆ ಎಲ್ಲಿ ನಿಲ್ಲಿಸಿದರೂ ಕೆಂಪು ಗೆರೆ ಮೇಲೆಯೂ ಅಲ್ಲೇ ನಿಲ್ಲುತ್ತಿತ್ತು. ಅಜ್ಜಿ ಸಂಜೆ ಹತ್ತಿ ಹೋಗಿ ಹಡಗಿನ ಕಥೆ ಹಾಕಪ್ಪಾ ಎಂದರೆ, ದೊಡ್ಡಮ್ಮ ಬಿಟ್ಟಲ್ಲಿಂದ ಶುರುವಾಗುತ್ತಿತ್ತು. ಮದುವೆ ಆಗಲಿದೆ ಎಂದು ಮಧ್ಯಾಹ್ನ ಕೇಳಿಕೊಂಡು ಹೋದವಳಿಗೆ ಸಂಜೆ ಕ್ಯಾಪ್ಟನ್ನನ ಮಗಳು ಬಸುರಿ. ಮದುವೆ ಯಾವಾಗ ಆಯಿತೇ ಎಂದು ಅಜ್ಜಿ ಕೇಳಿದರೆ, ನಿದ್ದೆಯಿಂದ ಬೆಚ್ಚಿ ಎದ್ದ ಚಿಕ್ಕಮ್ಮ, ನಿನ್ನೆಯೇ ಬಂದಿರಬೇಕು ಅತ್ತೆ, ನೀವು ತೂಕಡಿಸಿರಬೇಕು ಎನ್ನುತ್ತಿದ್ದಳು. ತೂಕಡಿಸಿದ್ದು ಯಾರು ಎಂದು ಹೇಳಲು ಅಲ್ಲಿ ಇನ್ನೊಬ್ಬರಿರಲಿಲ್ಲ.

ಇತ್ತ ದೊಡ್ಡಮ್ಮನಿಗೂ ಬೆಳಿಗ್ಗೆ ಕಥೆ ಜಿಗಿದ ಹಾಗೆ ಕಾಣುತ್ತಿತ್ತು. ಮಿಷನ್ನಿನ ಗದ್ದಲದಲ್ಲಿ ತನಗೆ ತಪ್ಪಿಹೋಯಿತೇನೋ, ಹೊರದೇಶದವರ ಕಥೆ ಸ್ವಲ್ಪ ಓಡುತ್ತದೇನೋ ಎಂದು ಸುಮ್ಮನಾದಳು. ಹೊಟ್ಟೆಕಿಚ್ಚಿದ್ದವರು ಕಥೆಯನ್ನು ಪೂರ್ತಿ ನೋಡುವುದಿಲ್ಲ, ಮುಂದೆ ಇದ್ದೇನೆಯೇ ಎಂದಷ್ಟೇ ನೋಡುತ್ತಾರೆ.

ಅಜ್ಜಿ ಬರಬರುತ್ತಾ ಮಾತು ಕಡಿಮೆ ಮಾಡಿದಳು. ಒಂದು ದಿನ ತಾನಾಗಿಯೇ ಬಂದು ಬೆತ್ತದ ಕುರ್ಚಿಯಲ್ಲಿ ಕೂತಳು. ದೊಡ್ಡಮ್ಮನ ಮುಖ ಅರಳಿತು. ಗೆದ್ದೆ ಎಂದುಕೊಂಡಳು. ಅಜ್ಜಿ ಗುಂಡಿಯ ಡಬ್ಬಿ ಕೊಡು ಎಂದಳು. ಕೊಟ್ಟರೆ, ಎಂದಿನ ಹಾಗೆ ಬೇರೆ ಮಾಡಲಿಲ್ಲ. ಒಂದೊಂದನ್ನೇ ತಡವಿ, ಇದು ಎರಡು ತೂತು, ಇದು ಕೋಟಿನದು, ಸರಿಯಾ, ಇದು ನಾಲ್ಕು, ಸರಿಯಾ ಎಂದು ದೊಡ್ಡಮ್ಮನನ್ನು ಕೇಳುತ್ತಾ ಹೋದಳು.

“ಯಾಕತ್ತೆ, ನಿಮಗೆ ಗೊತ್ತಿಲ್ದೆ ಇರೋದಾ?” ಎಂದಳು ದೊಡ್ಡಮ್ಮ.

“ಬೆರಳಿಗೆ ಗೊತ್ತಿದೆ. ತಲೆಗೆ ಗೊತ್ತಿದೆಯಾ ಅಂತ ನೋಡ್ತಿದೀನಿ,” ಎಂದಳು ಅಜ್ಜಿ. ಕೈಯಲ್ಲಿದ್ದ ಗುಂಡಿಯನ್ನು ಡಬ್ಬಿಗೆ ಹಾಕಿ ಹೇಳಿದಳು: “ನಾಳೆ ಚಿಕ್ಕವಳು ಡಾಕ್ಟರ ಹತ್ರ ಕರ್ಕೊಂಡು ಹೋಗ್ತಾಳಂತೆ. ನನಗೆ ಮರೆವು ಶುರುವಾಗಿದೆ ಕಣೇ. ಕಣ್ಣು ಹೋದಾಗ ಅಳಲಿಲ್ಲ ನಾನು. ನೋಡಿದ್ದೆಲ್ಲಾ ಒಳಗಿದೆಯಲ್ಲ ಅಂದ್ಕೊಂಡಿದ್ದೆ. ಈಗ ಒಳಗಿಂದೂ ಹೋಗ್ತಿದೆ.”

ದೊಡ್ಡಮ್ಮ ಏನು ಮರೆತಿರಿ ಎಂದು ಕೇಳಿದಳು. ಅಜ್ಜಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವವಳಂತೆ, ಹಡಗಿನ ಕಥೆಯನ್ನು ಮೊದಲಿನಿಂದ ಹೇಳತೊಡಗಿದಳು. ಗುಮಾಸ್ತ ಸುಳ್ಳು ಸಹಿ ಹಾಕಿದ್ದು, ಹಡಗಿಗೆ ಬೆಂಕಿ ಬಿದ್ದದ್ದು, ಮಗಳು ಬಸುರಿಯಾಗಿ ಬಂದರಿನ ಮನೆಗೆ ಹೋದದ್ದು. ಮದುವೆ ನೆನಪಿಲ್ಲ. ಗುಮಾಸ್ತ ಜೈಲಿನಲ್ಲಿ ಗೋಡೆಗೆ ತಲೆ ಒರಗಿಸಿ ಅತ್ತದ್ದು ನೆನಪಿದೆ, ಅವನನ್ನು ಹಿಡಿದದ್ದು ಯಾರು ಎಂಬುದು ನೆನಪಿಲ್ಲ.

ದೊಡ್ಡಮ್ಮನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಹಡಗಿಗೆ ಬೆಂಕಿ ಬಿದ್ದದ್ದನ್ನು ಅವಳು ನೋಡಿಯೇ ಇರಲಿಲ್ಲ. ಗುಮಾಸ್ತ ಅತ್ತದ್ದನ್ನೂ ನೋಡಿರಲಿಲ್ಲ. ಆದರೆ ಮದುವೆಯನ್ನು ನೋಡಿದ್ದಳು. ಗುಮಾಸ್ತನನ್ನು ಹಿಡಿದವನು ಬಂದರಿನ ಕಾವಲುಗಾರ, ಅದನ್ನೂ ನೋಡಿದ್ದಳು. ಅಜ್ಜಿಗೆ ಎಲ್ಲೆಲ್ಲಿ ಕಥೆ ಕಿತ್ತುಹೋಗಿತ್ತೋ ಅಲ್ಲಲ್ಲೇ ದೊಡ್ಡಮ್ಮನಿಗೆ ಸಿಕ್ಕಿತ್ತು. ಒಂದೇ ಬಟ್ಟೆಯನ್ನು ಇಬ್ಬರು ಹರಿದುಕೊಂಡ ಹಾಗೆ. ಹರಿದ ಬಟ್ಟೆಯ ಅಂಚನ್ನು ಓದಲು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಸುಮ್ಮನಿದ್ದರೂ ನಡೆಯುತ್ತಿತ್ತು. ನಾಳೆಯಿಂದ ಗೂಬೆಯನ್ನು ಒತ್ತಿದರೆ ಮುಗಿಯಿತು, ಅಜ್ಜಿಯ ಮರೆವು ತಾನಾಗಿಯೇ ವಾಸಿಯಾಗುತ್ತಿತ್ತು. ಅಷ್ಟೇ ಅಲ್ಲ, ಹೆದರಿದ ಅಜ್ಜಿ ಕೆಳಗೇ ಉಳಿಯುತ್ತಿದ್ದಳು. ಹೇಳಿದರೆ, ಈ ಕುರ್ಚಿ ಮತ್ತೆ ತುಂಬುವುದೇ ಅನುಮಾನ. ಆ ಸಂಜೆಯ ಬಗ್ಗೆ ಮಾತು ಬಂದಾಗಲೆಲ್ಲ ದೊಡ್ಡಮ್ಮ ನನಗೆ ಹೇಳಿದ್ದು ಒಂದೇ: ಕುರ್ಚಿಯ ಆಸೆ ಎಷ್ಟಿತ್ತೆಂದರೆ, ಬಾಯಿ ತೆರೆಯಲು ದಾರದ ಗಂಟು ಬಿಚ್ಚುವಷ್ಟು ಹೊತ್ತು ಹಿಡಿಯಿತು.

ಅವಳು ಅಜ್ಜಿಯ ಕೈ ಹಿಡಿದುಕೊಂಡು ಮೇಲೆ ಹತ್ತಿದಳು. ಮೇಲಿನ ಮನೆಗೆ ಕಪ್ಪು ಡಬ್ಬಿ ಬಂದ ಮೇಲೆ ಅವಳು ಆ ಮೆಟ್ಟಿಲು ತುಳಿದದ್ದು ಅದೇ ಮೊದಲು. ನಾನೂ ಹಿಂದೆ ಹೋದೆ. ಚಿಕ್ಕಮ್ಮ ಲ್ಯಾಬಿನಿಂದ ಬಂದು ಕೈಕಾಲು ತೊಳೆದುಕೊಳ್ಳುತ್ತಿದ್ದಳು. ದೊಡ್ಡಮ್ಮ ನಿಂತಲ್ಲೇ, ಯಾರ ಮುಖವನ್ನೂ ನೋಡದೆ, ಬೆಕ್ಕನ್ನು ಒತ್ತಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಚಿಕ್ಕಮ್ಮ ಟವೆಲನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

“ನಾನು ಲ್ಯಾಬಲ್ಲಿ ರಜೆ ಬೇರೆ ಬರೆದು ಕೊಟ್ಟೆ ಅಕ್ಕಾ,” ಎಂದಳು. ಮತ್ತೆ ಕೇಳಿದಳು, “ಅಷ್ಟು ಉರೀತಿತ್ತಾ ನಿಮಗೆ?”

“ಉರೀತಿತ್ತು,” ಎಂದಳು ದೊಡ್ಡಮ್ಮ.

“ನನಗೆ ಇಲ್ಲ ಅಂದ್ಕೊಂಡ್ರಾ? ಅತ್ತೆ ಪಕ್ಕದಲ್ಲಿ ಕೂತ್ಕೊಂಡು ಮಾತುಮಾತಿಗೂ, ಕೆಳಗಿನವಳು ಆಗಿದ್ರೆ ಹೇಳ್ತಿದ್ಲು, ಕೆಳಗಿನವಳು ಆಗಿದ್ರೆ ಹೇಳ್ತಿದ್ಲು ಅಂತಾರೆ. ಅದನ್ನ ಕೇಳ್ತಾ ಕೂತ್ರೆ ನಿದ್ದೆ ಬರದೆ ಇನ್ನೇನಾಗುತ್ತೆ.”

ಅಜ್ಜಿ ಇಬ್ಬರ ಮಾತಿಗೂ ಕಿವಿಗೊಟ್ಟ ಹಾಗಿರಲಿಲ್ಲ. ಸೋಫಾದ ಅಂಚಿನಲ್ಲಿ ಕೂತು, ಹಾಗಾದರೆ ಮದುವೆ ನಿಜವಾಗಿ ಆಗಿತ್ತು, ನಾನು ನೋಡೇ ಇರಲಿಲ್ಲ, ಅಷ್ಟೇ ತಾನೇ ಎಂದು ಕೇಳಿದಳು. ಅಷ್ಟೇ ಎಂದಳು ದೊಡ್ಡಮ್ಮ. ಅಜ್ಜಿ ಇನ್ನೊಂದು ಸಲ ಕೇಳಿದಳು. ಆಮೇಲೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ಸೆರಗು ತೆಗೆದಾಗ ಅವಳ ದನಿ ಒರಟಾಗಿತ್ತು.

“ನೀನು ನನ್ನ ಬಟ್ಟೆ ಕದ್ದಿದ್ರೆ ಬಿಡ್ತಿದ್ದೆ. ತಲೇನೇ ಕದ್ದೆಯಲ್ಲೇ. ಹೋಗು ಕೆಳಗೆ.”

ಅಜ್ಜಿ ಅಂದು ಮೇಲೆಯೇ ಮಲಗಿದಳು. ಎಷ್ಟೋ ದಿನ ದೊಡ್ಡಮ್ಮನೊಂದಿಗೆ ಮಾತಾಡಲಿಲ್ಲ, ಗುಂಡಿಗಳನ್ನು ಮುಟ್ಟಲಿಲ್ಲ. ದೊಡ್ಡಮ್ಮ ತಾನೇ ಗುಂಡಿಗಳನ್ನು ಬೇರೆ ಮಾಡಿಕೊಂಡು, ಕೋಟಿನದನ್ನು ಅಂಗಿಗೆ ಹಚ್ಚಿ ಬೈಸಿಕೊಂಡಳು.

ಒಂದು ಬೆಳಿಗ್ಗೆ ಅಜ್ಜಿ ಕಂಬಿ ಹಿಡಿದು ಇಳಿದು ಬಂದಳು. ಚಿಕ್ಕಪ್ಪನಿಗೆ ಹೇಳಿ ಬೆಕ್ಕು, ಗೂಬೆಗಳ ಪಕ್ಕ ಮೂರನೆಯದೊಂದನ್ನು ಹಾಕಿಸಿದ್ದಳು. ಯಾವ ಚಿತ್ರ ಬೇಕೆಂದು ಕೇಳಿದ್ದಕ್ಕೆ, ಯಾವುದಾದರೂ ಇರಲಿ, ನನಗೇನು ಕಾಣುತ್ತದೆಯೇ, ನಾನಿಲ್ಲದಾಗ ಅದನ್ನು ಯಾರೂ ಒತ್ತಬಾರದು ಅಷ್ಟೇ ಎಂದಿದ್ದಳಂತೆ. ಚಿಕ್ಕಪ್ಪ ಒಂದು ಆಮೆಯನ್ನು ಹಾಕಿದ್ದ. ಕಥೆ ಮತ್ತೆ ಮೊದಲಿನಿಂದ ಶುರುವಾಯಿತು. ಬೆಳಿಗ್ಗೆ ಕೆಳಗೆ, ಸಂಜೆ ಮೇಲೆ. ಅಜ್ಜಿ ಎಲ್ಲಿ ಕೂತರೂ ಆಮೆ ಅವಳ ಹಿಂದೆಯೇ ಬಂದು, ನಿಲ್ಲಿಸಿದಲ್ಲಿಂದ ಮುಂದುವರಿಯುತ್ತಿತ್ತು.

ದೊಡ್ಡಮ್ಮ ಬದಲಾದಳೆಂದು ನಾನು ಬರೆಯಲಾರೆ. ಈಗಲೂ ಬೆಳಿಗ್ಗೆ ಅಜ್ಜಿ ಬಂದು ಕೂತು, ಟಿವಿ ಹಾಕಿದ ಕೂಡಲೇ ಅವಳ ಕಣ್ಣು ಮೊದಲು ಹೋಗುವುದು ಆಮೆಯ ಪುಟದ ಕೆಂಪು ಗೆರೆಯ ಕಡೆಗೆ. ನಿನ್ನೆ ಸಂಜೆ ಮೇಲೆ ಎಷ್ಟು ಉದ್ದ ಎಳೆದಿದ್ದಾರೆ, ತನ್ನ ಪಾಲಿಗೆ ಎಷ್ಟು ಉಳಿದಿದೆ ಎಂದು ಅಳತೆಯ ಟೇಪು ಹಿಡಿದವಳ ಹಾಗೆ ನೋಡುತ್ತಾಳೆ. ನಂತರ ಗುಂಡಿಯ ಡಬ್ಬಿಯನ್ನು ಅಜ್ಜಿಯ ಮಡಿಲಿಗಿಟ್ಟು, ಏನೂ ಅಲ್ಲದ ದನಿಯಲ್ಲಿ ಕೇಳುತ್ತಾಳೆ:

“ನಿನ್ನೆ ಅವಳು ಬಿಡಿಸಿ ಹೇಳಿದಳಾ ಅತ್ತೆ, ಇಲ್ಲಾ ನಿದ್ದೆ ಮಾಡಿದಳಾ?”

“ಹೇಳಿದಳು, ಪಾಪ,” ಎಂದು ಅಜ್ಜಿ ಅಂದ ದಿನ ಹೊಲಿಗೆ ಬಿಗಿ. “ಗೊರಕೆ ಹೊಡೆದಳು,” ಎಂದ ದಿನ ದೊಡ್ಡಮ್ಮ ಪೆಡಲಿನಿಂದ ಕಾಲು ತೆಗೆದು, ತನ್ನ ಕುರ್ಚಿಯನ್ನು ಅಜ್ಜಿಯ ಹತ್ತಿರಕ್ಕೆ ಎಳೆದುಕೊಂಡು, ಆಮೆಯ ಪುಟದಲ್ಲಿ ಹಡಗಿನ ಕಥೆಯನ್ನು ಒತ್ತುತ್ತಾಳೆ.